ಸ್ಕೀ ಹಲಗೆಗಳ ಆಯುಧಪೂಜೆ

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಸ್ಕೀ ಹಲಗೆಗಳಿಗೂ ಕುಂಕುಮ ಇಡುತ್ತಿದ್ದೆವು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಮಿಷಿಗನ್ನಿನ ಸೌತ್‌ಫೀಲ್ಡಿನಲ್ಲಿ ಪುಟ್ಟ ಅಪಾರ್ಟ್‌ಮೆಂಟು, ಎಪ್ಪತ್ತರ ದಶಕದ ಮೊದಲ ವರ್ಷಗಳು. ಸೋಫಾ ಸರಿಸಿ, ಗೋಡೆಗೆ ಒರಗಿಸಿದ ಉದ್ದನೆಯ ಹಲಗೆಗಳು, ಅವುಗಳ ಬುಡದಲ್ಲಿ ಬೂಟು, ಪಕ್ಕದಲ್ಲಿ ಊರುಗೋಲು, ಕಾರಿನ ಕೀ, ನನ್ನ ಕತ್ತರಿ, ನಮ್ಮವರು ಲೆಕ್ಕ ಮಾಡುವ ಸ್ಲೈಡ್ ರೂಲು. ಅಕ್ಟೋಬರಿನಲ್ಲಿ ಅಲ್ಲಿ ಸೇವಂತಿಗೆಗೇನೂ ಬರವಿರಲಿಲ್ಲ. ಬೂದುಗುಂಬಳಕಾಯಿ ಮಾತ್ರ ಸಿಗುತ್ತಿರಲಿಲ್ಲ. ಅದರ ಬದಲು ಆ ಊರಿನ ಮಕ್ಕಳು ಕಣ್ಣು ಮೂಗು ಕೊರೆಯಲು ಕೊಳ್ಳುವ ಕಿತ್ತಳೆ ಬಣ್ಣದ ಕುಂಬಳಕಾಯಿ ತಂದು, ಅದರೊಳಗೆ ಕುಂಕುಮ ತುಂಬಿ, ಪಾರ್ಕಿಂಗ್ ಜಾಗದಲ್ಲಿ ಕಾರಿನ ಮುಂದೆ ಒಡೆಯುತ್ತಿದ್ದೆವು. ಕೆಳಮನೆಯ ಮುದುಕಿ ನೋಡಿ ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದಳು. ಕಾಂಕ್ರೀಟಿನ ಮೇಲಿನ ಆ ಕೆಂಪು ಮೊದಲ ಹಿಮ ಬೀಳುವವರೆಗೂ ಹೋಗುತ್ತಿರಲಿಲ್ಲ. ಅದನ್ನು ದಾಟಿ ಹೋಗುವಾಗಲೆಲ್ಲ ನನಗೆ ಒಂಥರಾ ಆಗುತ್ತಿತ್ತು.

ನಮ್ಮವರು ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಇಂಜಿನಿಯರು. ಮೈಸೂರಿನಲ್ಲಿ ಹುಟ್ಟಿ ಬೆಳೆದು ಚಾಮುಂಡಿ ಬೆಟ್ಟವನ್ನೂ ಬಸ್ಸಿನಲ್ಲೇ ಹತ್ತಿದ ಮನುಷ್ಯ. ಅರವತ್ತರ ದಶಕದ ಕೊನೆಗೆ ನಾವು ಅಲ್ಲಿಗೆ ಬಂದಾಗ ಅವರಿಗೆ ಹಿಮವೆಂದರೆ ಕಾರಿನ ಗಾಜಿನಿಂದ ಕೆರೆದು ತೆಗೆಯಬೇಕಾದ ಪೀಡೆ, ಅಷ್ಟೆ. ಅವರ ಆಫೀಸಿನವನೊಬ್ಬ ಕೆಲಸ ಬದಲಾಯಿಸಿ ಕ್ಯಾಲಿಫೋರ್ನಿಯಾಕ್ಕೆ ಹೊರಟ. ಹೋಗುವ ಮುಂಚೆ ತನ್ನ ಹಳೆಯ ಮರದ ಸ್ಕೀ ಹಲಗೆಗಳನ್ನು ಇವರ ಕೈಗೆ ಕೊಟ್ಟ. ಬಿಟ್ಟಿ ಸಿಕ್ಕಿದ್ದನ್ನು ಬಿಸಾಕುವ ಜಾತಿ ನಮ್ಮದಲ್ಲವಲ್ಲ. ಮುಂದಿನ ಶನಿವಾರವೇ ಬನಿಯನ್ ಮೇಲೆ ಬನಿಯನ್, ಅದರ ಮೇಲೆ ನನ್ನಮ್ಮ ಹೆಣೆದ ಸ್ವೆಟರು, ತಲೆಗೆ ಮಂಕಿ ಕ್ಯಾಪು ಏರಿಸಿಕೊಂಡು ಹೊರಟರು. ಹತ್ತಿರದಲ್ಲಿ ಊರಿನ ಕಸ ತುಂಬಿ, ಮಣ್ಣು ಮುಚ್ಚಿ ಮಾಡಿದ ಒಂದು ಗುಡ್ಡವಿತ್ತು. ಮೋಟಾರಿಗೆ ಕಟ್ಟಿದ ಹಗ್ಗ ಹಿಡಿದುಕೊಂಡರೆ ಅದೇ ಮೇಲಕ್ಕೆ ಎಳೆದೊಯ್ಯುತ್ತಿತ್ತು. ಇವರು ಹಗ್ಗ ಹಿಡಿದರು, ಬಿದ್ದರು, ಎದ್ದರು, ಮತ್ತೆ ಬಿದ್ದರು. ಸಂಜೆ ಮನೆಗೆ ಬಂದಾಗ ಮೈಯೆಲ್ಲ ನೀಲಿಗಟ್ಟಿತ್ತು. ಮುಖ ಮಾತ್ರ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

ಸ್ಕೀಗೆ ಜೊತೆಯಾಗಿ ಸಿಕ್ಕವರು ಧಾರವಾಡದ ಮೂಳೆ ಡಾಕ್ಟರು. ಶಿಕಾಗೋ ಪಕ್ಕದ ಓಕ್ ಬ್ರೂಕಿನಲ್ಲಿದ್ದರು. ಇನ್ನೂ ಮದುವೆಯಾಗಿರಲಿಲ್ಲ. ಕೆರೆ ಸುತ್ತಿದ ಹಾಗೆ ಮಿಷಿಗನ್ ಸರೋವರವನ್ನು ಅರ್ಧ ಸುತ್ತಿ, ನವರಾತ್ರಿಗೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನನ್ನನ್ನು ಅವರ ಕಡೆಯ ಮಾತಿನಲ್ಲಿ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಮೊದಲ ವರ್ಷ ಹಲಗೆಗಳನ್ನು ಪೂಜೆಗೆ ಇಡುವ ಹುಚ್ಚು ಯೋಚನೆ ಅವರದೇ. ಮಂಗಳಾರತಿಯಾದ ಮೇಲೆ ಒಬ್ಬೊಬ್ಬರೂ ಹಲಗೆ ಮುಟ್ಟಿ ಈ ಸೀಸನ್ನಿನಲ್ಲಿ ಏನು ಸಾಧಿಸುತ್ತೇವೆಂದು ಗಟ್ಟಿಯಾಗಿ ಹೇಳಬೇಕೆಂಬ ನಿಯಮ ನಮ್ಮವರದು. ಸಂಕಲ್ಪವೆಂದರೆ ಸಂಕಲ್ಪ. ತೆಂಗಿನಕಾಯಿ ಒಡೆದ ಮೇಲೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಮೊದಲ ವರ್ಷ ನಮ್ಮವರು, "ಹಗ್ಗ ಹಿಡಿದು ಬೀಳದೆ ಮೇಲೆ ಹೋಗ್ತೀನಿ" ಎಂದರು. ಮರುವರ್ಷ, ಹಸಿರು ಗುಂಡು ಗುರುತಿನ ಸುಲಭದ ಇಳಿಜಾರನ್ನು ಬೀಳದೆ ಇಳಿಯುವುದು. ಅದರ ಮರುವರ್ಷ, ಇನ್ನೂ ಕಡಿದಾದ ನೀಲಿ ಚೌಕದ ಗುರುತಿನದು. ಡಾಕ್ಟರ ಗುರಿ ಪ್ರತಿ ವರ್ಷವೂ ಒಂದೇ: "ಯಾರೂ ನನ್ನ ಪೇಶಂಟ್ ಆಗಬಾರ್ದು, ನಾನೂ ಇನ್ನೊಬ್ಬರ ಪೇಶಂಟ್ ಆಗಬಾರ್ದು." ನನ್ನದೂ ಒಂದೇ. "ನಾನು ಕೆಳಗೆ ಬೆಂಕಿ ಮುಂದೆ ಕೂತ್ಕೊಂಡು ಒಂದು ಸ್ವೆಟರ್ ಮುಗಿಸ್ತೀನಿ" ಎನ್ನುತ್ತಿದ್ದೆ. ನನ್ನ ಗುರಿಯೊಂದೇ ಪ್ರತಿ ಸಲ ನೆರವೇರುತ್ತಿತ್ತು.

ಅಲ್ಲಿಂದ ಮುಂದೆ ಮನೆಯಲ್ಲಿ ಬೇರೆ ಮಾತಿರುತ್ತಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಕೊಡುತ್ತಿದ್ದ ಭೂಪಟ ಊಟದ ಮೇಜಿನ ಮೇಲೆ ಹಾಸಿಕೊಂಡೇ ಇರುತ್ತಿತ್ತು. ಸಾರಿನ ಕಲೆ ಇಲ್ಲದ ಹೆದ್ದಾರಿಯೇ ಅದರಲ್ಲಿರಲಿಲ್ಲ. ಫೋನಿನ ದರ ಕಡಿಮೆ ಎಂದು ಭಾನುವಾರವೇ ಓಕ್ ಬ್ರೂಕಿಗೆ ಕರೆ. ಯಾವ ವಾರ ಹೋಗುವುದು, ಹೆದ್ದಾರಿಯ ಯಾವ ಎಗ್ಸಿಟ್ಟಿನಲ್ಲಿ ಸೇರುವುದು, ಎಲ್ಲಿ ತಂಗುವುದು, ಪುಳಿಯೋಗರೆ ಎಷ್ಟು, ಚಪಾತಿ ಎಷ್ಟು. ಚೆನ್ನಾಗಿ ಜಾರಲೆಂದು ಹಲಗೆಯ ಅಡಿಗೆ ಮೇಣ ಸವರಲು ನನ್ನ ಇಸ್ತ್ರಿ ಪೆಟ್ಟಿಗೆಯೇ ಆಗಬೇಕು. ಅದೇ ಪೆಟ್ಟಿಗೆಯಿಂದ ನನ್ನ ರೇಷ್ಮೆ ಸೀರೆಗೆ ಮೇಣ ಹತ್ತಿದ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ನಗುವ ಮನೆಯೊಳಗೆ ಇನ್ನೊಂದು ಸಂಗತಿ ಕಾಲಿಟ್ಟದ್ದು ಯಾವಾಗ ಎಂದು ನನಗೆ ಖಚಿತವಾಗಿ ಗೊತ್ತಿಲ್ಲ. ಪೆಟ್ರೋಲು ಸಿಗದೆ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದ ಚಳಿಗಾಲದಲ್ಲಿ ನಮ್ಮವರು ಸಂಜೆ ಹೊರಗೆ ಹೋಗುವುದನ್ನು ಬಿಟ್ಟರು. ಪೆಟ್ರೋಲು ಉಳಿತಾಯ ಎಂದರು, ನಂಬಿದೆ. ಆಮೇಲೆ ಪೆಟ್ರೋಲು ಸಿಗತೊಡಗಿತು. ಅವರು ಮಾತ್ರ ಕತ್ತಲಾಗುವ ಮುಂಚೆಯೇ ಆಫೀಸಿನಿಂದ ಮನೆಗೆ ಬಂದುಬಿಡುತ್ತಿದ್ದರು. ಸಿನಿಮಾಕ್ಕೆ ಕರೆದರೆ ತಲೆನೋವು. ಯಾರಾದರೂ ಊಟಕ್ಕೆ ಕರೆದರೆ, ಮಧ್ಯಾಹ್ನವಾದರೆ ಸರಿ, ರಾತ್ರಿಗೆ ಆಗುವುದಿಲ್ಲ. ಒಂದು ದಿನ ಮೇಜಿನ ಬದಿಯಲ್ಲಿಟ್ಟ ಕಾಫಿ ಲೋಟ ಅವರ ಮೊಣಕೈಗೆ ತಾಗಿ ಬಿತ್ತು. ಇನ್ನೊಂದು ದಿನವೂ ಬಿತ್ತು. ಶಾಪಿಂಗ್ ಸೆಂಟರಿನಲ್ಲಿ ಪಕ್ಕದಿಂದ ಬಂದ ಮಗುವಿಗೆ ಡಿಕ್ಕಿ ಹೊಡೆದು ಬೀಳಿಸಿದರು. ಕಾರಿನ ಬಲಗಡೆಗೆ ಉದ್ದಕ್ಕೂ ಗೀಚಿದ ಗುರುತು ಕಂಡಾಗ, "ಯಾರೋ ಗೀಚಿ ಹೋಗಿದಾನೆ" ಎಂದರು. ಗೀರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕಂಬದ ಹಳದಿ ಬಣ್ಣವೇ ಅಂಟಿಕೊಂಡಿತ್ತು.

ನನಗೆ ನೆನಪಾದದ್ದು ಅವರ ದೊಡ್ಡಪ್ಪ. ಮೈಸೂರಿನಲ್ಲಿ ನಮ್ಮ ಮದುವೆಯ ದಿನ ಅವರನ್ನು ಕೈಹಿಡಿದು ಊಟದ ಎಲೆಯ ಮುಂದೆ ಕೂರಿಸಿದ್ದರು. ಎಲೆಯ ಮೇಲೆ ಬೆರಳಾಡಿಸಿ ಉಪ್ಪು ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಹುಡುಕಿಕೊಂಡು ಉಣ್ಣುತ್ತಿದ್ದರು. ಏನಾಗಿದೆ ಎಂದು ಕೇಳಿದ್ದಕ್ಕೆ ನಮ್ಮತ್ತೆ, "ಏನಿಲ್ಲ, ಚಿಕ್ಕವರಿದ್ದಾಗ ಇರುಳುಗಣ್ಣು ಇತ್ತು, ಆಮೇಲೆ ಹಾಗಾಯ್ತು" ಎಂದು ಮಾತು ಮುಗಿಸಿದ್ದರು.

ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ರೀ, ನಿಮ್ಮ ದೊಡ್ಡಪ್ಪನಿಗೆ ಆದ ಹಾಗೆ ನಿಮಗೂ ಏನಾದ್ರೂ..."

"ಬಿಡ್ತು ಅನ್ನು" ಎಂದರು.

ರಾಹುಕಾಲಕ್ಕೆ ನಗುತ್ತಿದ್ದ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಕೈಮುಗಿಯುವ ಕುಚೇಷ್ಟೆಯ ಮನುಷ್ಯ. ಅಜ್ಜಿಯರು ಕೆಟ್ಟ ಮಾತಿನ ಬಾಯಿ ಮುಚ್ಚಿಸಲು ಹೇಳುವುದನ್ನು ಅವರ ಬಾಯಲ್ಲಿ ನಾನೆಂದೂ ಕೇಳಿರಲಿಲ್ಲ. ಆದರೂ ಅಭ್ಯಾಸಬಲ. "ಬಿಡ್ತು" ಎಂದೆ. ಅಂದಮೇಲೆ ಆ ಮಾತು ಮುಗಿಯಿತು ಎಂದೇ ನಮ್ಮ ಕಡೆಯ ಲೆಕ್ಕ.

ಆ ವರ್ಷದ ಆಯುಧಪೂಜೆಗೆ ನಾನು ಎಲ್ಲವನ್ನೂ ಜೋಡಿಸಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಕಾರಿನ ಕೀ ಜಾಗ ಬದಲಾಗಿತ್ತು. ಅವರ ಹಲಗೆಗಳ ಬುಡದಲ್ಲಿದ್ದದ್ದು ನನ್ನ ಕತ್ತರಿಯ ಪಕ್ಕಕ್ಕೆ ಬಂದಿತ್ತು. ಮಂಗಳಾರತಿ ಆಯಿತು. ಡಾಕ್ಟರು ಎಂದಿನ ತಮ್ಮ ಗುರಿ ಹೇಳಿ ನಗಿಸಿದರು. ನಮ್ಮವರು ಹಲಗೆ ಮುಟ್ಟಿ, "ಈ ಸೀಸನ್ ಮುಗಿಯೋದ್ರೊಳಗೆ ಕಪ್ಪು ಡೈಮಂಡ್" ಎಂದರು. ನಾವು ಪ್ರತಿ ಚಳಿಗಾಲ ಹೋಗುತ್ತಿದ್ದ ಉತ್ತರ ಮಿಷಿಗನ್ನಿನ ಬೆಟ್ಟದಲ್ಲಿ ಕಪ್ಪು ವಜ್ರದ ಗುರುತಿನ ಇಳಿಜಾರೆಂದರೆ ಗೋಡೆಯೇ. ಕೆಳಗಿನಿಂದ ನೋಡಿದರೂ ನನಗೆ ತಲೆ ತಿರುಗುತ್ತಿತ್ತು.

ಡಾಕ್ಟರ ನಗು ನಿಂತಿತು. "ಗಡಿಬಿಡಿ ಯಾಕ? ಮುಂದಿನ ವರ್ಷ ಮಾಡೋಣಂತ."

"ಇಲ್ಲ. ಈ ವರ್ಷವೇ" ಎಂದರು. ನಾನು ನನ್ನ ಸ್ವೆಟರಿನ ಮಾತು ತೆಗೆಯುವ ಮುಂಚೆ ಕೀ ಎತ್ತಿ ನನ್ನ ಅಂಗೈಯಲ್ಲಿಟ್ಟರು. "ಇದು ನಿನ್ನ ಆಯುಧ. ಹಿಮದಲ್ಲಿ ಡ್ರೈವ್ ಮಾಡೋದು ನಿನ್ನ ಗುರಿ. ಕಾಯಿ ಒಡೆದಾಯ್ತು, ವಾಪಸ್ ತಗೊಳ್ಳೋ ಹಾಗಿಲ್ಲ."

"ನನ್ನ ಸಂಕಲ್ಪ ನೀವು ಮಾಡೋಕೆ ಯಾರ್ರೀ?" ಎಂದು ಎಲ್ಲರೆದುರೇ ರೇಗಿದೆ. ನನಗೆ ಲೈಸೆನ್ಸ್ ಇತ್ತು, ಹಗಲಿನಲ್ಲಿ ತರಕಾರಿ ತರುವಷ್ಟು ಓಡಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಆಸೆಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಟೈರುಗಳ ಕೆಳಗೆ ಲಿಂಬೆಹಣ್ಣು ಇಟ್ಟು ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಹಣ್ಣು ಪಿಚ್ಚನೆ ಒಡೆದ ಸದ್ದು ಈಗಲೂ ಕಿವಿಯಲ್ಲಿದೆ. ಮುಂದೆ ಕುಂಬಳಕಾಯಿಯ ಕೆಂಪು ಹರಡಿಕೊಂಡಿತ್ತು. ಅದರ ಮೇಲೆಯೇ ಕಾರು ಓಡಿಸಬೇಕಾಯಿತು.

ಹಿಮ ಬಿದ್ದ ಮೇಲೆ ನನ್ನ ಪಾಠ ಶುರುವಾಯಿತು. ಭಾನುವಾರ ಬೆಳಿಗ್ಗೆ ಶಾಪಿಂಗ್ ಸೆಂಟರಿನ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದು, ಬೇಕೆಂದೇ ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿಸುತ್ತಿದ್ದರು. ಕಾರು ಬುಗುರಿಯ ಹಾಗೆ ಸುತ್ತುತ್ತಿತ್ತು. ನಾನು ಕಿರುಚಿಕೊಂಡರೆ, "ಕಿರುಚು, ಆದ್ರೆ ಸ್ಟಿಯರಿಂಗ್ ಬಿಡಬೇಡ" ಎನ್ನುತ್ತಿದ್ದರು. ಇಷ್ಟು ಕಟುಕ ಮೇಷ್ಟ್ರನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ. ಒಮ್ಮೆ ಅಳುತ್ತ ಕೀ ಅವರ ಮಡಿಲಿಗೆ ಎಸೆದೆ. ಅದು ಸೀಟಿನ ಪಕ್ಕಕ್ಕೆ ಜಾರಿತು. ಎದುರಿಗೇ ನೋಡುತ್ತ ಕೈಯಿಂದ ತಡಕಾಡಿ ಹುಡುಕಿದರು. ಹಾಡಹಗಲಿನ ಬಿಸಿಲಿನಲ್ಲಿ, ಹಿಮವೆಲ್ಲ ಹೊಳೆಯುವಾಗ, ಅವರ ಬೆರಳುಗಳು ಸೀಟಿನ ಮೇಲೆ ದೊಡ್ಡಪ್ಪನ ಬೆರಳುಗಳ ಹಾಗೆಯೇ ಓಡಾಡಿದವು. ನಾನು ಅಳು ನಿಲ್ಲಿಸಿ ಕೀ ಎತ್ತಿಕೊಂಡು ಮತ್ತೆ ಕಾರು ಶುರು ಮಾಡಿದೆ.

ಜನವರಿಯಲ್ಲಿ ಎಲ್ಲರೂ ಉತ್ತರಕ್ಕೆ ಹೋದೆವು. ಹೋಗುವುದೂ ಬರುವುದೂ ಬೆಳಕಿರುವಾಗಲೇ ಎಂದು ನಮ್ಮವರು ಮೊದಲೇ ಗೊತ್ತುಮಾಡಿದ್ದರು. ಮೂರೂ ಜನ ಬೆಂಕಿಯ ಮುಂದೆ ಕುಳಿತು ಪುಳಿಯೋಗರೆ ತಿಂದೆವು. ಡಾಕ್ಟರು ನಮ್ಮವರ ಪಕ್ಕದಿಂದ, "ಹಿಡೀರಿ!" ಎಂದು ಕಿತ್ತಳೆಹಣ್ಣೊಂದನ್ನು ಎಸೆದರು. ಅದು ಇವರ ಕೆನ್ನೆಗೆ ಬಡಿದು ಬಿತ್ತು. ಇವರು ಜೋರಾಗಿ ನಕ್ಕರು. ಡಾಕ್ಟರು ನಗಲಿಲ್ಲ. ಆಮೇಲೆ ನಾನೊಬ್ಬಳೇ ಪಾತ್ರೆ ತುಂಬಿಕೊಳ್ಳುವಾಗ ಹತ್ತಿರ ಬಂದರು.

"ವೈನಿ, ಇವರಿಗೆ ಬಾಜೂಕಿಂದು ಕಾಣಂಗಿಲ್ಲ. ನಿಮಗ ಗೊತ್ತೈತೇನ್ರಿ?"

ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ.

"ನಿಮ್ಮೂರಿನ ಹತ್ರ ಆನ್ ಆರ್ಬರ್‌ನಾಗ ಛಲೋ ಕಣ್ಣಿನ ಡಾಕ್ಟರ್ ಇದ್ದಾರ. ಕರಕೊಂಡು ಹೋಗ್ರಿ. ಕಪ್ಪು ಇಳಿಜಾರಿನ ಮಾತು ಬಿಡಸ್ರಿ. ಅಲ್ಲಿ ಒಂದ್ ಗಿಡ ಬಾಜೂಕ ಬಂದ್ರ ಸಾಕು."

ಮನೆಗೆ ಬಂದ ಮರುದಿನ ಬೆಳಿಗ್ಗೆ, ಅವರು ಕಾಫಿ ಕುಡಿಯುವಾಗ, ಎದುರಿಗೆ ಕುಳಿತೆ. ಪಕ್ಕಕ್ಕೆ ಕೂತರೆ ಕಾಣುವುದಿಲ್ಲ ಎಂದು ಗೊತ್ತಾಗಿತ್ತಲ್ಲ. "ಹೀಗೇ ಹೋದ್ರೆ ಮರಕ್ಕೆ ಹೊಡೆದು ಸಾಯ್ತೀರಿ" ಎಂದೆ.

"ಬಿಡ್ತು ಅನ್ನು."

"ಅನ್ನಲ್ಲ."

ಅವರು ಲೋಟ ಕೆಳಗಿಟ್ಟರು. ಯಾರು ಹಾಗಂದರೂ ನಾನು ಬಿಡ್ತು ಅನ್ನದೆ ಉಳಿದದ್ದು ಅದೇ ಮೊದಲು. "ಮಾರ್ಚ್ ಮುಗೀಲಿ ಕಣೇ. ಆಮೇಲೆ ನೀನು ಏನು ಕೇಳಿದ್ರೂ ಹೇಳ್ತೀನಿ" ಎಂದರು. ಹಟಮಾರಿತನದಲ್ಲಿ ಆ ಮನೆತನವೇ ಹಾಗೆ. ಹಲಗೆಗಳನ್ನು ಮುರಿದು ಹಾಕಿಬಿಡೋಣ ಅನ್ನಿಸಿತು. ಒಂದು ದಿನ ಅವರು ಆಫೀಸಿಗೆ ಹೋದಾಗ ಕೈಯಲ್ಲಿ ಹಿಡಿದೂ ನೋಡಿದೆ. ಬೂಟು ಬಿಗಿಯುವ ಕೊಂಡಿಗಳ ನಡುವೆ ಅಕ್ಟೋಬರಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಪೂಜೆ ಮಾಡಿದ ವಸ್ತುವನ್ನು ಮುರಿಯಲು ನನ್ನಿಂದ ಆಗಲಿಲ್ಲ. ಇದ್ದ ಜಾಗಕ್ಕೇ ಒರಗಿಸಿಟ್ಟೆ.

ಮಾರ್ಚಿನ ಕೊನೆಯ ಪ್ರವಾಸ ಬಂತು. ಶಿಕಾಗೋ ಕಡೆಯ ರಸ್ತೆಯಲ್ಲಿ ಹಿಮ ಸುರಿದು ಡಾಕ್ಟರು ತಡಮಾಡಿದರು. ಬೆಳಿಗ್ಗೆ ಮುಗಿಸಿ ಹೊರಡಬೇಕೆಂಬ ಯೋಜನೆ ಕೆಟ್ಟಿತು. ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಮೋಡ ಕವಿಯಿತು. ಅಂಥ ಮಬ್ಬಿನಲ್ಲಿ ಹಿಮದ ಉಬ್ಬು ತಗ್ಗು ಯಾರ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಡಾಕ್ಟರು ಬಂದವರೇ ಕೆಂಪು ಜಾಕೆಟ್ ಹಾಕಿಕೊಂಡರು. ನಮ್ಮವರು ಅವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಡಾಕ್ಟರ ಮುಖ ಬಿಳುಚಿಕೊಂಡಿತು. ಅವರು ಇನ್ನು ಬೇಡ ಅನ್ನುತ್ತಾರೆ ಎಂದು ನಾನು ಕಾದೆ. ಅನ್ನಲಿಲ್ಲ. ಇಬ್ಬರೂ ಕುರ್ಚಿಯಂಥ ಲಿಫ್ಟಿನಲ್ಲಿ ಕುಳಿತು ಮೇಲಕ್ಕೆ ಹೋದರು. ಅವರ ನಾಲ್ಕು ಹಲಗೆಗಳು ಗಾಳಿಯಲ್ಲಿ ತೂಗಾಡುತ್ತ ಮೋಡದೊಳಗೆ ಮಾಯವಾದವು.

ನಾನು ಇಳಿಜಾರಿನ ಬುಡದಲ್ಲಿ ನಿಂತೆ. ಯಾರೋ ಒಬ್ಬ ಮೇಲಿನಿಂದ ಉರುಳುತ್ತ ಬಂದು, ಎದ್ದು, ಕುಂಟುತ್ತ ಹೋದ. ಎರಡೂ ಬದಿಗೆ ಕಪ್ಪಗೆ ಮರಗಳು. ಗಾಳಿ ಬೀಸಿದಾಗಲೆಲ್ಲ ಅವು ಒಂದಿಷ್ಟು ಒಳಕ್ಕೆ ಸರಿದವೇನೋ ಅನ್ನಿಸುತ್ತಿತ್ತು. ಕೈಗವಸಿನೊಳಗೆ ಕೀ ಹಿಡಿದುಕೊಂಡಿದ್ದೆ. ಚಾಮುಂಡಿಗೆ ಏನೇನು ಹರಕೆ ಹೊತ್ತೆನೋ ಆಮೇಲೆ ನೆನಪೇ ಆಗಲಿಲ್ಲ.

ಮೊದಲು ಕಂಡದ್ದು ಕೆಂಪು ಜಾಕೆಟ್ಟು. ಡಾಕ್ಟರು ತೀರಾ ನಿಧಾನವಾಗಿ, ಹಿಂದಿರುವವರಿಗೆ ದಾರಿ ಬರೆದುಕೊಟ್ಟ ಹಾಗೆ, ಅತ್ತ ಇತ್ತ ತಿರುಗುತ್ತ ಇಳಿಯುತ್ತಿದ್ದರು. ಅವರ ಹಿಂದೆಯೇ, ಅವರು ತಿರುಗಿದಲ್ಲೇ ತಿರುಗುತ್ತ, ನಮ್ಮವರು. ತಲೆ ಅಲ್ಲಾಡಲಿಲ್ಲ. ಆ ಕೆಂಪಿನ ಮೇಲೆ ಕಣ್ಣು ನೆಟ್ಟು ಬರುತ್ತಿದ್ದರು. ನಡುವೆ ಒಂದು ಕಡೆ ಡಾಕ್ಟರು ಉಬ್ಬೊಂದರ ಆಚೆಗೆ ಮರೆಯಾದರು. ನಮ್ಮವರು ಹಾಗೆಯೇ ನೇರವಾಗಿ ಮರಗಳ ಕಡೆಗೆ ಜಾರತೊಡಗಿದರು. ನಾನು ಕೂಗಿದೆ. ಗಾಳಿಗೆದುರಾಗಿ ನನ್ನ ಕೂಗು ಅಷ್ಟು ದೂರ ಕೇಳಲು ಸಾಧ್ಯವೇ ಇರಲಿಲ್ಲ. ಡಾಕ್ಟರು ನಿಂತು ಏನೋ ಅರಚಿದ್ದು ಮಾತ್ರ ಕೇಳಿಸಿತು. ಇವರು ಆ ದನಿಯ ಕಡೆಗೆ ತಿರುಗಿದರು. ಮರದ ಕೊಂಬೆಯೊಂದು ಅವರ ಮಂಕಿ ಕ್ಯಾಪನ್ನು ಕಿತ್ತುಕೊಂಡಿತು. ಮತ್ತೆ ಕೆಂಪು ಜಾಕೆಟ್ಟು, ಹಿಂದೆ ಅವರು. ಕೆಳಗೆ ಬಂದು ನಿಂತರು. ಬಿದ್ದಿರಲಿಲ್ಲ.

ನಾನು ಅವರ ಎಡಕ್ಕೆ, ಕೈಗೆಟುಕುವಷ್ಟು ಹತ್ತಿರ ನಿಂತು ಕೈಬೀಸುತ್ತಿದ್ದೆ. ಅವರು ಮುಂದಕ್ಕೆ ನೋಡುತ್ತ, "ಎಲ್ಲಿದ್ದೀಯೇ?" ಎಂದು ಕೇಳಿದರು.

"ಇಲ್ಲೇ ಇದೀನಿ."

ಇಡೀ ಕತ್ತು ತಿರುಗಿಸಿ ನನ್ನನ್ನು ಹುಡುಕಿ, ಕಂಡು, ನಕ್ಕರು. "ಸೆಪ್ಟೆಂಬರಲ್ಲೇ ಆನ್ ಆರ್ಬರ್‌ಗೆ ಹೋಗಿ ತೋರಿಸ್ಕೊಂಡು ಬಂದೆ" ಎಂದರು. "ನೋಟ ಸುತ್ತಲಿಂದ ಮುಚ್ಕೊಂಡು ಬರತ್ತಂತೆ. ದೊಡ್ಡಪ್ಪನದೇ. ಔಷಧ ಇಲ್ಲ. ಈ ಸಲ ಬಿಟ್ಟಿದ್ರೆ ಇದು ಇನ್ನು ಆಗ್ತಿರಲಿಲ್ಲ."

ಅಳು ಆಮೇಲೆ ಬಂತು. ಮೊದಲು ಬಂದದ್ದು ಕೋಪ. "ಅಷ್ಟು ತಿಂಗಳು ನನಗೆ ಹೇಳದೆ ಹೇಗ್ರೀ ಇದ್ರಿ?" ಎಂದು ಅವರ ಎದೆಗೆ ಗುದ್ದಿದೆ. ಡಾಕ್ಟರು ಆಚೆ ತಿರುಗಿ ಹಲಗೆ ಬಿಚ್ಚುತ್ತ ನಿಂತರು.

"ಹೇಳಿದ್ರೆ ನೀನು ಪಾರ್ಕಿಂಗ್ ಲಾಟಲ್ಲಿ ನನ್ನ ಮೇಲೆ ರೇಗ್ತಿರಲಿಲ್ಲ, ಅಳ್ತಾ ಕೂರ್ತಿದ್ದೆ. ಡ್ರೈವಿಂಗ್ ಕಲೀತಿರಲಿಲ್ಲ" ಎಂದರು. "ಈ ಸೀಸನ್‌ಗೆ ನಂದು ಎರಡು ಗುರಿ ಇತ್ತು. ಒಂದು ಆಯ್ತು. ಇನ್ನೊಂದು, ನೀನು ನನ್ನನ್ನ ಮನೆವರೆಗೂ ಕರ್ಕೊಂಡು ಹೋಗೋದು."

ಹಲಗೆಗಳನ್ನು ಕಾರಿನ ಮೇಲೆ ಕಟ್ಟಿದವರು ಡಾಕ್ಟರು. ನನ್ನ ಕಿಟಕಿಯ ಬಳಿ ಬಗ್ಗಿ, "ಸಾವಕಾಶ ಹೋಗ್ರಿ, ವೈನಿ" ಎಂದಷ್ಟೇ ಹೇಳಿ ತಮ್ಮ ಕಾರಿನ ಕಡೆ ನಡೆದರು. ನಾನು ಹೆದ್ದಾರಿಗೆ ಇಳಿದು ದಕ್ಷಿಣಕ್ಕೆ ತಿರುಗಿಸಿದೆ. ಅಂಚಿನಲ್ಲೆಲ್ಲ ಹಿಮ, ನಡುವೆ ಒದ್ದೆಯಾದ ಕಪ್ಪು ರಸ್ತೆ. ಪಕ್ಕದಲ್ಲಿ ಕುಳಿತ ಮೇಷ್ಟ್ರು ಈ ಸಲ ಬ್ರೇಕ್ ಅನ್ನಲಿಲ್ಲ, ನಿಧಾನ ಅನ್ನಲಿಲ್ಲ. ಕೈ ಕಟ್ಟಿಕೊಂಡು ಎದುರಿಗೆ ನೋಡುತ್ತಿದ್ದರು. ಒಂದೊಂದೇ ಎಗ್ಸಿಟ್ಟು ಹಿಂದಕ್ಕೆ ಹೋಯಿತು. ಆಕಾಶದಲ್ಲಿ ಉಳಿದಿದ್ದ ಬೂದಿ ಬಣ್ಣದ ಬೆಳಕೂ ಇಳಿಯುತ್ತ ಬಂತು. ನಾನು ದೀಪ ಹಾಕಿದೆ. ರಸ್ತೆಯ ಬಿಳಿ ಗೆರೆಗಳು ಬೆಳಗಿ, ಕಾರಿನ ಕಡೆಗೆ ಓಡಿಬಂದು ಅಡಿಗೆ ಹೋಗತೊಡಗಿದವು. ಹಾಗೆ ಬಹಳ ದೂರ ಬಂದಿದ್ದೆವು.

"ಕತ್ತಲಾಯ್ತಲ್ಲೇ" ಎಂದರು ನಮ್ಮವರು. "ಲೈಟ್ ಹಾಕು."

"ಹಾಕ್ತೀನಿ ಇರಿ" ಎಂದೆ.